ಕ್ರಯವೂ ಅಲ್ಲ, ಭೋಗ್ಯವೂ ಅಲ್ಲ: ‘ದಿ ಕ್ರೂ’ ಆಟ ಮುಚ್ಚಿದ ಪ್ರಕರಣ

ಬೆಂಗಳೂರಿನಲ್ಲಿ ಮನೆ ಹುಡುಕಿದವರಿಗೆ ಮೊದಲ ಪ್ರಶ್ನೆ ಗೊತ್ತೇ ಇರುತ್ತದೆ: ಬಾಡಿಗೆಗಾ, ಭೋಗ್ಯಕ್ಕಾ? ಬಾಡಿಗೆ ಅಂದರೆ ತಿಂಗಳಿಗಿಷ್ಟು, ಖಾಲಿ ಮಾಡಿಸುವ ಮುನ್ನ ಒಂದು ನೋಟಿಸು. ಭೋಗ್ಯ ಅಂದರೆ ಒಂದೇ ಗಂಟು ಕೊಟ್ಟು ಕೂರುವುದು, ಕರಾರು ಮುಗಿದ ದಿನ ಗಂಟು ವಾಪಸು ಎಣಿಸಿಕೊಂಡು ಹೊರಡುವುದು. ಕೈಯಲ್ಲಿ ಅದಕ್ಕೂ ಮೀರಿ ದುಡ್ಡಿದ್ದವನು ಎರಡನ್ನೂ ಬಿಟ್ಟು ಕ್ರಯಕ್ಕೆ ತಗೊಳ್ಳುತ್ತಾನೆ. ಆಮೇಲೆ ಅವನನ್ನು ಎಬ್ಬಿಸುವವರಿಲ್ಲ.

ಗಂಟು ಕೊಟ್ಟು, ‘ಖರೀದಿಸಿ’ ಎಂಬ ಗುಂಡಿ ಒತ್ತಿ, ವರ್ಷಗಟ್ಟಲೆ ಇದು ನನ್ನದೇ ಅಂದುಕೊಂಡು ಕೂತು, ಒಂದು ದಿನ ಬೀಗ ಬದಲಾಗಿ ಗಂಟೂ ಇಲ್ಲದೆ ಬೀದಿಗೆ ಬಂದವರ ಕತೆ ಇದು. ಮನೆಯದಲ್ಲ, ವಿಡಿಯೊ ಗೇಮಿನದು. ಚಹಾ ಅಂಗಡಿಯಲ್ಲೋ ಆಫೀಸಿನ ಕ್ಯಾಂಟೀನಿನಲ್ಲೋ ಪೈರಸಿ ಸರಿಯೋ ತಪ್ಪೋ ಎಂಬ ಮಾತು ಬಂದಾಗಲೆಲ್ಲ ನಾನು ಈ ಪ್ರಕರಣವನ್ನೇ ಎತ್ತುತ್ತೇನೆ. ಕಾರಣ ಸರಳ. ಇದರಲ್ಲಿ ಪೈರಸಿಯೇ ಇರಲಿಲ್ಲ. ಎಲ್ಲರೂ ಮರ್ಯಾದೆಯಿಂದ ದುಡ್ಡು ಕೊಟ್ಟವರೇ.

ಆಟ ಏನಿತ್ತು

ಫ್ರಾನ್ಸಿನ ಲಿಯಾನ್ ನಗರದ ಐವರಿ ಟವರ್ ಎಂಬ ಸ್ಟುಡಿಯೊ, ಯೂಬಿಸಾಫ್ಟ್ ರಿಫ್ಲೆಕ್ಷನ್ಸ್ ಜೊತೆ ಸೇರಿ ಮಾಡಿದ ಕಾರ್ ರೇಸಿನ ಆಟ ‘ದಿ ಕ್ರೂ’. ಪ್ರಕಾಶಕರು ಯೂಬಿಸಾಫ್ಟ್. 2014ರ ಡಿಸೆಂಬರ್ 2ರಂದು ಪಿಸಿ, ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್‌ಗಳಿಗೆ ಬಂತು, ಅಮೆರಿಕದಲ್ಲಿ ಬೆಲೆ 60 ಡಾಲರ್.

ಅದರ ಸೊಗಸೆಲ್ಲ ಭೂಪಟದಲ್ಲಿತ್ತು. ಇಡೀ ಅಮೆರಿಕವನ್ನು ಕುಗ್ಗಿಸಿ ಒಂದೇ ರಸ್ತೆಜಾಲ ಮಾಡಿದ್ದರು. ಡೆಟ್ರಾಯಿಟ್‌ನಲ್ಲಿ ಕತೆ ಶುರು. ಅಲ್ಲಿಂದ ಕಾರು ಹೊರಡಿಸಿದರೆ ನಡುವೆ ‘ಲೋಡಿಂಗ್’ ಎಂದು ನಿಲ್ಲಿಸುವ ಪರದೆ ಇಲ್ಲದೆ ಗೋಧಿ ಹೊಲ, ಹಿಮದ ಬೆಟ್ಟ, ಯೂಟಾದ ಉಪ್ಪಿನ ಬಯಲು ದಾಟಿ ಪೆಸಿಫಿಕ್ ಕಡಲವರೆಗೆ ಓಡಿಸಬಹುದಿತ್ತು. ಕರಾವಳಿಯಿಂದ ಕರಾವಳಿಗೆ ಮುಕ್ಕಾಲು ಗಂಟೆಯ ಮೇಲೆ ಹಿಡಿಯುತ್ತಿತ್ತು. ರೇಸ್ ಗೆಲ್ಲುವ ಹಟವಿಲ್ಲದೆ, ರಾತ್ರಿ ಊಟ ಮುಗಿಸಿ ಸುಮ್ಮನೆ ಡ್ರೈವ್ ಹೋಗುವವರ ಆಟ ಇದು. ಅಮೆರಿಕ ನೋಡದವರು ಅಮೆರಿಕದಲ್ಲಿ ಕಾರು ಓಡಿಸಿದ್ದು ಹೀಗೆ.

ಕತೆ ಸಾಧಾರಣ. ಅಣ್ಣನ ಕೊಲೆಗೆ ಸೇಡು, ಗ್ಯಾಂಗು, ಪೊಲೀಸು, ನಾವು ನೂರು ಸಲ ನೋಡಿದ್ದೇ. ಈ ಕತೆಯನ್ನು ಒಬ್ಬರೇ ಕೂತು ಶುರುವಿನಿಂದ ಕೊನೆವರೆಗೆ ಆಡಬಹುದಿತ್ತು, ಪಕ್ಕದಲ್ಲಿ ಬೇರೆ ಆಟಗಾರ ಬೇಕಿರಲಿಲ್ಲ. ಆದರೂ ಇಂಟರ್ನೆಟ್ ಬೇಕೇಬೇಕಿತ್ತು. ಯೂಬಿಸಾಫ್ಟ್‌ನ ಸರ್ವರ್ ಹೂಂ ಅನ್ನದೆ ಆಟದ ಮೊದಲ ಬಾಗಿಲೂ ತೆರೆಯುತ್ತಿರಲಿಲ್ಲ. ಅಂಗಡಿಯಲ್ಲಿ ಡಿಸ್ಕ್ ಕೊಂಡವನದೂ ಇದೇ ಪಾಡು. ಡಿಸ್ಕಿನಲ್ಲಿ ಕಾರಿತ್ತು, ರಸ್ತೆಯಿತ್ತು, ಇಂಜಿನ್ನಿನ ಸದ್ದೂ ಇತ್ತು. ಕೀಲಿಕೈ ಮಾತ್ರ ಬೇರೆ ದೇಶದ ಒಂದು ಯಂತ್ರದಲ್ಲಿತ್ತು.

ಮುಚ್ಚಿದ ರೀತಿ

2023ರ ಡಿಸೆಂಬರ್ 14ರಂದು ಆಟವನ್ನು ಎಲ್ಲ ಡಿಜಿಟಲ್ ಅಂಗಡಿಗಳಿಂದ ತೆಗೆದರು. ಕಂಪನಿ ಕೊಟ್ಟ ಕಾರಣ ಎರಡು: ಸರ್ವರ್ ವ್ಯವಸ್ಥೆ, ಮತ್ತು ಲೈಸೆನ್ಸಿನ ಇಕ್ಕಟ್ಟು. ಎರಡನೆಯದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಆಟದಲ್ಲಿ ಓಡುವುದು ನಿಜವಾದ ಕಂಪನಿಗಳ ನಿಜವಾದ ಕಾರುಗಳು, ರೇಡಿಯೊದಲ್ಲಿ ಬರುವುದು ನಿಜವಾದ ಹಾಡುಗಳು. ಅವುಗಳ ಒಪ್ಪಂದಕ್ಕೆ ಅವಧಿ ಇರುತ್ತದೆ, ನವೀಕರಿಸಲು ದುಡ್ಡು ಬೇಕು. ಕಾರ್ ರೇಸಿನ ಆಟಗಳು ಕೆಲ ವರ್ಷಗಳಾದ ಮೇಲೆ ಅಂಗಡಿಯಿಂದ ಸದ್ದಿಲ್ಲದೆ ಮಾಯವಾಗುವುದು ಇದರಿಂದಲೇ. ಮಾರಾಟ ನಿಲ್ಲಿಸಿದ್ದಕ್ಕೆ ನನ್ನ ತಕರಾರೇನೂ ಇಲ್ಲ. ಹಳೆಯ ಸರಕು ಮಾರಲೇಬೇಕು ಎಂದು ಯಾವ ಅಂಗಡಿಗೂ ಕಟ್ಟುಪಾಡಿಲ್ಲ.

2024ರ ಮಾರ್ಚ್ 31ರಂದು ಸರ್ವರ್ ನಿಂತಿತು. ಅಲ್ಲಿಗೆ, ಕೊಂಡವರ ಪಾಲಿಗೂ ಆಟ ಮುಗಿಯಿತು. ಕಂಪನಿಯದೇ ಲೆಕ್ಕದಲ್ಲಿ ಒಟ್ಟು 1.2 ಕೋಟಿ ಜನ ಅದನ್ನು ಆಡಿದ್ದರು. (ಅವರಲ್ಲಿ ಬಹಳಷ್ಟು ಮಂದಿ ಪುಕ್ಕಟೆ ಪಡೆದವರು ಅನ್ನುವುದನ್ನೂ ಹೇಳಬೇಕು. 2016ರಲ್ಲಿ ಕಂಪನಿಯ 30ನೇ ಹುಟ್ಟುಹಬ್ಬಕ್ಕೆ ಪಿಸಿಯಲ್ಲಿ ಆಟವನ್ನು ಉಚಿತವಾಗಿ ಹಂಚಿದ್ದರು.) ತೀರಾ ಇತ್ತೀಚೆಗೆ ಕೊಂಡವರು ದುಡ್ಡು ವಾಪಸು ಕೇಳಬಹುದು ಎಂದರು. ಉಳಿದವರಿಗೆ ಆ ಭಾಗ್ಯವಿಲ್ಲ.

ಇಷ್ಟಕ್ಕೇ ನಿಂತಿದ್ದರೆ ಪ್ರಕರಣ ಇಷ್ಟು ಬೆಳೆಯುತ್ತಿರಲಿಲ್ಲವೇನೋ. ಸರ್ವರ್ ನಿಂತ ಕೆಲವೇ ದಿನಗಳಲ್ಲಿ, ಏಪ್ರಿಲ್‌ನಲ್ಲಿ, ಯೂಬಿಸಾಫ್ಟ್‌ನ ಪಿಸಿ ಖಾತೆ ತೆರೆದವರಿಗೆ ಹೊಸತೊಂದು ಕಂಡಿತು. ಅವರ ಆಟಗಳ ಸಾಲಿನಿಂದ ‘ದಿ ಕ್ರೂ’ ಎದ್ದು, ಕೆಳಗೆ ‘ನಿಷ್ಕ್ರಿಯ ಆಟಗಳು’ ಎಂಬ ಬೇರೆ ಮೂಲೆಗೆ ಹೋಗಿ ಕೂತಿತ್ತು. ತೆರೆಯಲು ಹೋದರೆ, ಈ ಆಟ ಇನ್ನು ನಿಮಗೆ ಸಿಗುವುದಿಲ್ಲ, ಬೇರೆ ಸಾಹಸಕ್ಕೆ ನಮ್ಮ ಅಂಗಡಿ ನೋಡಬಾರದೇ ಎಂಬರ್ಥದ ಸಾಲು. ಮನೆ ಖಾಲಿ ಮಾಡಿಸಿ, ಗೇಟಿನ ಬಳಿ ಹೊಸ ಅಪಾರ್ಟ್‌ಮೆಂಟಿನ ಪಾಂಪ್ಲೆಟ್ ಕೈಗಿಟ್ಟ ಹಾಗೆ. ಸರ್ವರ್ ನಿಲ್ಲಿಸಿದ್ದು ಸೇವೆ ನಿಲ್ಲಿಸಿದಂತೆ. ಇದು ಹಾಗಲ್ಲ, ಆಟ ಆಡಲು ಕೊಂಡವನಿಗೆ ಕೊಟ್ಟ ಪರವಾನಗಿಯನ್ನೇ ಹಿಂದಕ್ಕೆ ತಗೊಂಡದ್ದು. ಎರಡರ ನಡುವಿನ ವ್ಯತ್ಯಾಸ ಕಾನೂನಿಗೆ ಬಂದಾಗ ಎಷ್ಟು ದೊಡ್ಡದು ಅನ್ನುವುದು ಮುಂದೆ ಬರುತ್ತದೆ.

ಅದೇ ಡಿಸೆಂಬರ್, ಟಿವಿ

ಆಟ ಅಂಗಡಿಯಿಂದ ಹೋದ ಆ ಡಿಸೆಂಬರಿನಲ್ಲೇ ಟಿವಿ ನೋಡುವವರಿಗೂ ಒಂದು ಪಾಠವಾಯಿತು. ಸೋನಿಯ ಪ್ಲೇಸ್ಟೇಷನ್ ಅಂಗಡಿಯಲ್ಲಿ ಡಿಸ್ಕವರಿ ವಾಹಿನಿಯ ಕಾರ್ಯಕ್ರಮಗಳನ್ನು ದುಡ್ಡು ಕೊಟ್ಟು ಕೊಂಡವರಿಗೆ ನೋಟಿಸು ಬಂತು: ಡಿಸೆಂಬರ್ 31ರಿಂದ ಅವು ನಿಮ್ಮ ಲೈಬ್ರರಿಯಲ್ಲಿ ಇರುವುದಿಲ್ಲ. ಸಾವಿರದ ಮುನ್ನೂರಕ್ಕೂ ಹೆಚ್ಚು ಸೀಸನ್‌ಗಳು. ಗದ್ದಲವೆದ್ದ ಮೇಲೆ ತಿಂಗಳು ಮುಗಿಯುವ ಮುನ್ನವೇ ಒಪ್ಪಂದ ನವೀಕರಣವಾಯಿತು, ಕನಿಷ್ಠ 30 ತಿಂಗಳು ಉಳಿಯುತ್ತವೆ ಎಂದರು. ಕೊಂಡವನಿಗೆ ಸಿಕ್ಕಿದ್ದು ವಾಯಿದೆ.

ಇದನ್ನು ಒಟಿಟಿ ಚಂದಾದ ಜೊತೆ ಕಲಸಬಾರದು. ತಿಂಗಳಿಗೆ ಇನ್ನೂರು ರೂಪಾಯಿ ಕೊಟ್ಟು ನೋಡುವ ಆ್ಯಪಿನಿಂದ ನಿನ್ನೆ ಇದ್ದ ಸಿನಿಮಾ ಇಂದು ಹೋದರೆ ಬೇಜಾರಾಗಬಹುದು, ಮೋಸ ಅನ್ನಲಾಗದು. ಅದು ಬಾಡಿಗೆ, ಬಾಡಿಗೆಯೆಂದೇ ಹೇಳಿ ಕೊಟ್ಟದ್ದು. 2024ರ ಜನವರಿಯಲ್ಲಿ ಯೂಬಿಸಾಫ್ಟ್‌ನ ಚಂದಾ ವಿಭಾಗದ ನಿರ್ದೇಶಕ ಫಿಲಿಪ್ ಟ್ರೆಂಬ್ಲೆ, ಆಟಗಳನ್ನು ಸ್ವಂತ ಹೊಂದದೆ ಇರುವುದಕ್ಕೆ ಆಟಗಾರರು ಒಗ್ಗಿಕೊಳ್ಳಬೇಕು ಎಂಬರ್ಥದ ಮಾತಾಡಿ ಜಗತ್ತಿನ ಬೈಗುಳ ತಿಂದರು. ಪೂರ್ತಿ ಸಂದರ್ಶನ ಓದಿದರೆ ಅವರು ಹೇಳುತ್ತಿದ್ದದ್ದು ಚಂದಾ ಸೇವೆ ಬೆಳೆಯಬೇಕಾದರೆ ಏನಾಗಬೇಕು ಎಂಬುದನ್ನು. ಡಿವಿಡಿ ಬಿಟ್ಟು ಸ್ಟ್ರೀಮಿಂಗ್‌ಗೆ ಒಗ್ಗಿದಂತೆ ಎಂಬ ಹೋಲಿಕೆ. ಮಾತಿನಲ್ಲಿ ತಪ್ಪಿರಲಿಲ್ಲ, ಗಳಿಗೆ ಕೆಟ್ಟದ್ದಿತ್ತು. ಮೂರು ತಿಂಗಳೊಳಗೆ ಅವರದೇ ಕಂಪನಿ, ಚಂದಾ ಕಟ್ಟದೆ ಪೂರ್ತಿ ಬೆಲೆ ತೆತ್ತವರಿಂದಲೂ ಆಟ ಕಿತ್ತುಕೊಂಡಿತು.

ಕಳ್ಳ ಸಿಡಿಯ ಲೆಕ್ಕ

ಈಗ ಪೈರಸಿ. ಸುಳ್ಳು ಯಾಕೆ, ನನ್ನ ಮನೆ ಅಟ್ಟದ ಮೇಲೆ ಒಂದು ಸಿಡಿ ಪೌಚ್ ಇದೆ. ಜಿಪ್ಪು ತುಕ್ಕು ಹಿಡಿದಿದೆ. ಒಳಗೆ ಮಾರ್ಕರಿನಲ್ಲಿ ಅಂಕುಡೊಂಕಾಗಿ ಹೆಸರು ಗೀಚಿದ ಡಿಸ್ಕುಗಳು, ಒಂದರಲ್ಲಿ ನಾಲ್ಕು ನಾಲ್ಕು ಆಟ. ಮೆಜೆಸ್ಟಿಕ್ ಆಸುಪಾಸಿನಲ್ಲಿ, ಎಸ್‌ಪಿ ರೋಡಿನ ಸಂದಿಗಳಲ್ಲಿ ಕಾಲೇಜು ಹುಡುಗರು ಪಾಕೆಟ್ ಮನಿ ಸುರಿದು ತಂದದ್ದೇ ಇವು. ಆಟ ಇನ್‌ಸ್ಟಾಲ್ ಮಾಡಿ, ‘ಕ್ರ್ಯಾಕ್’ ಎಂಬ ಫೋಲ್ಡರಿನಿಂದ ಆಟದ ಬೀಗ ತಪ್ಪಿಸುವ ಒಂದು ಫೈಲು ಎತ್ತಿ ಆಟದ ಫೋಲ್ಡರಿಗೆ ಹಾಕಿ, ‘ರಿಪ್ಲೇಸ್ ಮಾಡಲೇ’ ಎಂದು ಕಂಪ್ಯೂಟರ್ ಕೇಳಿದಾಗ ‘ಯೆಸ್’ ಒತ್ತುವುದು. ಒಂದು ತಲೆಮಾರಿನ ಹುಡುಗರು ಕಂಪ್ಯೂಟರಿನ ಫೋಲ್ಡರ್ ವ್ಯವಸ್ಥೆ ಕಲಿತದ್ದೇ ಈ ಕಳ್ಳತನದಿಂದ. ಕಳೆದ ದಸರಾಕ್ಕೆ ಅಟ್ಟ ಗುಡಿಸುವಾಗ ಒಂದು ಡಿಸ್ಕು ಹಾಕಿ ನೋಡಿದೆ. ಎರಡು ಸಲ ಕರಕರ ಅಂದು, ಮೂರನೇ ಸಲಕ್ಕೆ ಓಡಿತು.

ಇಂಥ ಅನುಭವದಿಂದಲೇ ಆ ಘೋಷಣೆ ಹುಟ್ಟಿದ್ದು: ಕೊಂಡದ್ದು ನಮ್ಮದಾಗುವುದಿಲ್ಲ ಅಂದರೆ ಕದ್ದದ್ದೂ ಕಳ್ಳತನವಲ್ಲ. ಟೀ ಶರ್ಟಿಗೆ ಚೆನ್ನ, ತರ್ಕಕ್ಕೆ ಕುಂಟು. ಬಾಡಿಗೆ ಮನೆಯೂ ನಮ್ಮದಾಗುವುದಿಲ್ಲ, ಹಾಗಂತ ಬೀಗ ಒಡೆದು ನುಗ್ಗಬಹುದೇ? ಇನ್ನೊಂದು ಕಡೆಯವರ ಮಾತೂ ಅಷ್ಟೇ ಕುಂಟು. ‘ಷರತ್ತು ಓದದೆ ಒಪ್ಪಿದ್ದು ನಿಮ್ಮ ತಪ್ಪು’ ಎನ್ನುವವರು ತಮ್ಮ ಫೋನಿನಲ್ಲಿ ಎಷ್ಟು ಒಪ್ಪಂದ ಓದಿದ್ದಾರೋ.

‘ದಿ ಕ್ರೂ’ ವಿಷಯದಲ್ಲಿ ಈ ಎರಡು ಪಕ್ಷಗಳ ಜಗಳಕ್ಕೆ ಜಾಗವೇ ಇಲ್ಲ. ಸದಾ ಸರ್ವರಿಗೆ ಕಟ್ಟಿಹಾಕಿದ್ದರಿಂದ ಅದರ ಕಳ್ಳ ಪ್ರತಿ ಎಸ್‌ಪಿ ರೋಡಿಗೂ ಬರಲಿಲ್ಲ, ಟೊರೆಂಟಿನಲ್ಲಿ ಸಿಕ್ಕರೂ ಆಡಲು ಬರುತ್ತಿರಲಿಲ್ಲ. ಫೈಲು ಕದಿಯಬಹುದು, ದೂರದ ಯಂತ್ರ ಕದಿಯಲಾಗದು. ಕಳ್ಳರಿಗೆ ಹಾಕಿದ ಬೀಗ ಅಷ್ಟು ಗಟ್ಟಿಯಾಗಿತ್ತು. ಮನೆಯವರು ಹೊರಗುಳಿದದ್ದೂ ಅದೇ ಬೀಗದಿಂದ. ಸಾಮಾನ್ಯವಾಗಿ ಸತ್ತ ಆಟಗಳನ್ನು ಉಳಿಸಿಕೊಳ್ಳುವುದು ಪೈರಸಿಯ ಲೋಕವೇ. 2023ರಲ್ಲಿ ವಿಡಿಯೊ ಗೇಮ್ ಹಿಸ್ಟರಿ ಫೌಂಡೇಷನ್ ನಡೆಸಿದ ಅಧ್ಯಯನದ ಪ್ರಕಾರ ಅಮೆರಿಕದಲ್ಲಿ ಬಿಡುಗಡೆಯಾದ ಹಳೆಯ ಆಟಗಳಲ್ಲಿ ಶೇ 87ರಷ್ಟು ಇಂದು ಯಾವ ಅಂಗಡಿಯಲ್ಲೂ ಕೊಳ್ಳಲು ಸಿಗುವುದಿಲ್ಲ. ಅವನ್ನು ಆಡಬೇಕೆಂದರೆ ಹಳೆಯ ಪ್ರತಿ ಹುಡುಕಬೇಕು, ಇಲ್ಲವೇ ಕಾನೂನಿನ ಆಚೆ ಕಾಲಿಡಬೇಕು. ‘ದಿ ಕ್ರೂ’ಗೆ ಆ ಹಿಂಬಾಗಿಲೂ ಇರಲಿಲ್ಲ.

ಪೆಟ್ಟಿಗೆ ಮೇಲೆ ಬರೆದದ್ದು

2024ರ ನವೆಂಬರಿನಲ್ಲಿ ಕ್ಯಾಲಿಫೋರ್ನಿಯಾದ ಇಬ್ಬರು ಆಟಗಾರರು ಫೆಡರಲ್ ಕೋರ್ಟಿಗೆ ಹೋದರು. ಇಬ್ಬರೂ ಡಿಸ್ಕ್ ಕೊಂಡಿದ್ದವರು. ಕೊಂಡದ್ದು ಆಟವೆಂದು ನಂಬಿಸಿ ಪರವಾನಗಿ ಕೊಟ್ಟಿದ್ದೀರಿ ಎಂಬುದು ದೂರಿನ ತಿರುಳು.

ಯೂಬಿಸಾಫ್ಟ್‌ನ ಉತ್ತರ ಖಡಾಖಂಡಿತವಾಗಿತ್ತು. ನೀವು ಕೊಂಡದ್ದು ಪರವಾನಗಿ, ಕೊಳ್ಳುವಾಗಲೇ ಅದನ್ನು ತಿಳಿಸಿದ್ದೆವು, ಆಡಿ ಅನುಭವಿಸಿದ್ದೀರಿ, ಜೊತೆಗೆ ದಾವೆ ಹೂಡುವ ಕಾಲವೂ ಮೀರಿದೆ. ಪೆಟ್ಟಿಗೆಯ ಮೇಲೆ ದೊಡ್ಡಕ್ಷರದ ಸೂಚನೆಯೊಂದನ್ನೂ ತೋರಿಸಿದರು: ಕೆಲವು ನಿರ್ದಿಷ್ಟ ಆನ್‌ಲೈನ್ ಸೌಲಭ್ಯಗಳನ್ನು 30 ದಿನದ ಮುನ್ಸೂಚನೆ ಕೊಟ್ಟು ನಿಲ್ಲಿಸಬಹುದು. ಕಂಪನಿಯ ಪರವಾಗಿ ಇದು ಗಟ್ಟಿ ವಾದವೇ. ಆದರೆ ಆ ಸಾಲು ಮತ್ತೊಮ್ಮೆ ಓದಿ. ನಿಲ್ಲಿಸಬಹುದಾದದ್ದು ‘ಕೆಲವು ನಿರ್ದಿಷ್ಟ ಆನ್‌ಲೈನ್ ಸೌಲಭ್ಯ’. ಮನೆಯ ಕರಾರಿನಲ್ಲಿ ‘ಲಿಫ್ಟ್ ನಿಲ್ಲಿಸಬಹುದು’ ಎಂದು ಬರೆದು, ನೆಲವನ್ನೇ ಕಿತ್ತುಕೊಂಡು ಹೋದರೆ ಕರಾರಿನ ಪ್ರಕಾರವೇ ನಡೆದೆವು ಅನ್ನಬಹುದೇ?

ಆಟಗಾರರ ಕಡೆಯವರು ಮಾರುತ್ತರವಾಗಿ ಇನ್ನೊಂದು ಚೀಟಿ ಹೊರತೆಗೆದರು. ಪೆಟ್ಟಿಗೆಯೊಳಗೆ ಬರುತ್ತಿದ್ದ ಆ್ಯಕ್ಟಿವೇಷನ್ ಕೋಡ್. ಅದರ ಮೇಲೆ ಅವಧಿ ಮುಗಿಯುವ ವರ್ಷ ಅಚ್ಚಾಗಿತ್ತು: 2099. ಅಷ್ಟು ವರ್ಷ ಆಡಬಹುದು ಎಂದೇ ನಾವು ನಂಬಿದೆವು ಎಂಬುದು ಅವರ ವಾದ. ಕೋಡಿನ ಅವಧಿಗೂ ಆಟದ ಆಯುಷ್ಯಕ್ಕೂ ಸಂಬಂಧವಿಲ್ಲ ಎಂದು ಯಾವ ವಕೀಲರೂ ಹೇಳಬಲ್ಲರು. ಹಾಗಿದ್ದರೂ ಅಚ್ಚು ಹಾಕುವ ದಿನ ಕಂಪನಿಯೊಳಗೆ ಯಾರೋ ಒಬ್ಬರು, ‘ಯಾವ ವರ್ಷ ಹಾಕೋಣ’ ಎಂದು ಕೇಳಿದವರಿಗೆ ‘ಯಾವುದೋ ದೂರದ್ದು ಹಾಕು ಮಾರಾಯ’ ಎಂದಿರಬೇಕು ಅನ್ನುವುದು ನನ್ನ ಕಲ್ಪನೆ.

ದಾವೆ ಹೂಡುವ ಮೊದಲೇ, 2024ರ ಸೆಪ್ಟೆಂಬರಿನಲ್ಲಿ, ಕ್ಯಾಲಿಫೋರ್ನಿಯಾ ಒಂದು ಕಾಯಿದೆ ತಂದಿತ್ತು. 2025ರ ಜನವರಿ 1ರಿಂದ ಜಾರಿ. ಪರವಾನಗಿ ಕೊಡುವ ಡಿಜಿಟಲ್ ಅಂಗಡಿಗಳು, ಅದು ಪರವಾನಗಿ ಎಂದು ಸ್ಪಷ್ಟವಾಗಿ ತಿಳಿಸದೆ ‘ಖರೀದಿ’ ಎಂಬ ಪದ ಬಳಸುವಂತಿಲ್ಲ. ಪಿಸಿ ಆಟಗಳನ್ನು ಮಾರುವ ಸ್ಟೀಮ್ ಎಂಬ ಡಿಜಿಟಲ್ ಅಂಗಡಿ ಆಗಲೇ ಬಿಲ್ ಕಟ್ಟುವ ಪುಟದಲ್ಲಿ ಆ ಸಾಲು ಸೇರಿಸಿಬಿಟ್ಟಿತು. ನಮ್ಮಲ್ಲೂ ಕಾಣುತ್ತದೆ, ಸಣ್ಣಕ್ಷರದಲ್ಲಿ. ನನಗೆ ಈ ಕಾಯಿದೆ ಅಷ್ಟೇನೂ ಹಿಡಿಸಲಿಲ್ಲ. ಹಾಲಿಗೆ ನೀರು ಬೆರೆಸುವುದನ್ನು ನಿಲ್ಲಿಸದೆ, ನೀರು ಬೆರೆಸಿದೆ ಎಂದು ಡಬ್ಬದ ಮೇಲೆ ಬರೆಯಲು ಹೇಳಿದಂತಾಯಿತು.

ನಮ್ಮ ಕಾನೂನಿನಲ್ಲಿ ನೋಡಿದರೆ

ಇದು ಎಲ್ಲೋ ಅಮೆರಿಕ, ಯುರೋಪಿನ ರಗಳೆ ಅನ್ನುವವರಿಗೆ ಒಂದು ತೀರ್ಪು ನೆನಪಿಸಬೇಕು. ಅದರ ಬೇರು ಕರ್ನಾಟಕದಲ್ಲೇ ಇದೆ.

ವಿದೇಶದಿಂದ ರೆಡಿಮೇಡ್ ಸಾಫ್ಟ್‌ವೇರ್ ತರಿಸಿ ಇಲ್ಲಿ ಬಳಸುವ, ಮಾರುವ ಕಂಪನಿಗಳು ವಿದೇಶಿ ಮಾರಾಟಗಾರನಿಗೆ ಕೊಡುವ ಹಣ ಏನು? ಸರಕಿನ ಬೆಲೆಯೋ, ಕೃತಿಸ್ವಾಮ್ಯ ಬಳಸಿದ್ದಕ್ಕೆ ಕೊಡುವ ರಾಯಧನವೋ? ರಾಯಧನವಾದರೆ ತೆರಿಗೆ ಮುರಿಯಬೇಕು. ಒಪ್ಪಂದದಲ್ಲಿ ‘ಪರವಾನಗಿ’ ಎಂದೇ ಬರೆದಿದೆಯಲ್ಲ ಎಂಬುದು ಆದಾಯ ತೆರಿಗೆ ಇಲಾಖೆಯ ಪಟ್ಟು. 2011ರಲ್ಲಿ ಕರ್ನಾಟಕ ಹೈಕೋರ್ಟ್ ಇಲಾಖೆಯ ಪರ ನಿಂತಿತು. 2021ರ ಮಾರ್ಚ್ 2ರಂದು ಸುಪ್ರೀಂ ಕೋರ್ಟ್, ಎಂಜಿನಿಯರಿಂಗ್ ಅನಾಲಿಸಿಸ್ ಸೆಂಟರ್ ಆಫ್ ಎಕ್ಸಲೆನ್ಸ್ ಪ್ರಕರಣದಲ್ಲಿ, ಆ ನಿಲುವನ್ನು ತಳ್ಳಿಹಾಕಿತು. ಕಾಗದದ ಮೇಲೆ ಪರವಾನಗಿ ಎಂದು ಕರೆದರೂ ಬಳಕೆದಾರನಿಗೆ ಸಿಗುವುದು ಒಂದು ಪ್ರತಿ ಮಾತ್ರ, ಕೃತಿಸ್ವಾಮ್ಯವಲ್ಲ. ಹಾಗಾಗಿ ಅದು ಸರಕಿನ ಮಾರಾಟ ಎಂದಿತು. ಯುರೋಪಿನ ನ್ಯಾಯಾಲಯ 2012ರಲ್ಲೇ ಇದರ ಸಮೀಪದ ಮಾತು ಹೇಳಿತ್ತು: ಒಂದೇ ಸಲ ಬೆಲೆ ಪಡೆದು ಅವಧಿಯಿಲ್ಲದ ಪರವಾನಗಿ ಕೊಟ್ಟರೆ ಅದು ಮಾರಾಟವೇ.

ನಮ್ಮದು ತೆರಿಗೆಯ ತೀರ್ಪು. ಗ್ರಾಹಕನಿಂದ ಪ್ರತಿ ಹಿಂದಕ್ಕೆ ತಗೊಳ್ಳಬಹುದೇ ಎಂಬ ಪ್ರಶ್ನೆ ಅಲ್ಲಿ ಎದ್ದಿರಲಿಲ್ಲ. ಆದರೂ ಸಾಫ್ಟ್‌ವೇರ್ ವ್ಯಾಪಾರದ ಒಟ್ಟು ಚಂದ ನೋಡಿ. ತೆರಿಗೆಯವನು ಬಾಗಿಲು ತಟ್ಟಿದಾಗ ‘ಸ್ವಾಮಿ, ಇದು ಬರೀ ಮಾರಾಟ’. ಗ್ರಾಹಕ ತಟ್ಟಿದಾಗ ‘ಮಾರಾಟವೆಲ್ಲಿ ಬಂತು, ಬರೀ ಪರವಾನಗಿ’. ಎರಡೂ ಕಡೆ ಒಂದೇ ಕಂಪನಿ ನಿಂತಿರಲಿಲ್ಲ ನಿಜ, ಉದ್ಯಮದ ನಾಲಗೆ ಮಾತ್ರ ಹೀಗೆ ಎರಡಾಗಿದೆ.

ಇನ್ನು 1957ರ ನಮ್ಮ ಕೃತಿಸ್ವಾಮ್ಯ ಕಾಯಿದೆ. ಅದರ 52ನೇ ಸೆಕ್ಷನ್ ಕಂಪ್ಯೂಟರ್ ಪ್ರೋಗ್ರಾಂ ಇಟ್ಟುಕೊಂಡವನಿಗೆ ಒಂದಷ್ಟು ಸವಲತ್ತು ಕೊಡುತ್ತದೆ. ಹಾಳಾದೀತೆಂದು ಬ್ಯಾಕಪ್ ಮಾಡಿಕೊಳ್ಳಬಹುದು. ತಾನೇ ಬರೆದ ಇನ್ನೊಂದು ಪ್ರೋಗ್ರಾಂ ಅದರ ಜೊತೆ ಮಾತಾಡುವಂತೆ ಮಾಡಲು ಬೇಕಾದ ಮಾಹಿತಿ ಬೇರೆಡೆ ಸಿಗದಿದ್ದರೆ ಬಗೆದು ತೆಗೆಯಬಹುದು. ಸತ್ತ ಸರ್ವರಿಗೆ ಬದಲಿ ಸರ್ವರ್ ಕಟ್ಟುವುದು ಬಹುಪಾಲು ಇದೇ ಕೆಲಸ. 2012ರಲ್ಲಿ ಸೇರಿಸಿದ 65ಎ ಡಿಜಿಟಲ್ ಬೀಗ ಮುರಿಯುವವನಿಗೆ ಎರಡು ವರ್ಷದವರೆಗೆ ಜೈಲು ಎನ್ನುತ್ತದೆ, ಆದರೆ ಹಕ್ಕು ಉಲ್ಲಂಘಿಸುವ ಉದ್ದೇಶ ಇರಬೇಕು ಎಂಬ ಕಟ್ಟೂ ಹಾಕಿದೆ. ಅಮೆರಿಕದ ಕಾಯಿದೆ ಇಷ್ಟು ಉದಾರವಲ್ಲ. ಬ್ಲಿಝಾರ್ಡ್ ಕಂಪನಿಯ ಆಟಗಳಿಗೆ ಅಭಿಮಾನಿಗಳು ಬದಲಿ ಸರ್ವರ್ ಬರೆದಾಗ 2005ರಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯ ಕಂಪನಿಯ ಪರವೇ ತೀರ್ಪು ಕೊಟ್ಟಿತು. ಪುಕ್ಕಟೆ ಮಾಡಿದ್ದೇವೆ ಎಂಬ ಮಾತು ಅಲ್ಲಿ ನಡೆಯಲಿಲ್ಲ.

ನಮ್ಮ 52ನೇ ಸೆಕ್ಷನ್ನಿನ ಈ ಸವಲತ್ತುಗಳಿಗೆ ಬೇಲಿಯಿದೆ. ಅವು ‘ಕಾನೂನುಬದ್ಧವಾಗಿ ಪ್ರತಿ ಹೊಂದಿರುವವನಿಗೆ’ ಮಾತ್ರ. ಏಪ್ರಿಲ್ 2024ರ ಆ ಸಾಲು ಈಗ ನೆನಪಿಸಿಕೊಳ್ಳಿ. ಸರ್ವರ್ ಮಾತ್ರ ನಿಂತಿದ್ದರೆ ಕೊಂಡವನು ಇನ್ನೂ ಕಾನೂನುಬದ್ಧ ಒಡೆಯ, ಕೆಟ್ಟ ಗಾಡಿ ರಿಪೇರಿ ಮಾಡಿಕೊಳ್ಳುತ್ತಿದ್ದಾನೆ ಎಂದು ವಾದಿಸಬಹುದಿತ್ತು. ಪರವಾನಗಿಯನ್ನೇ ಹಿಂದಕ್ಕೆ ತಗೊಂಡ ಮೇಲೆ ಅವನು ಯಾರು? ದುಡ್ಡು ಕೊಟ್ಟ ಮನುಷ್ಯ, ತಾನು ಯಾವ ತಪ್ಪೂ ಮಾಡದೆ, ಮಾರಿದವನ ಒಂದು ಕ್ಲಿಕ್ಕಿಗೆ ಕಳ್ಳ ಪ್ರತಿ ಇಟ್ಟುಕೊಂಡವನ ಪಕ್ಕ ಬಂದು ನಿಲ್ಲುತ್ತಾನೆ. ಕಂಪನಿ ಇದನ್ನು ಇದೇ ಉದ್ದೇಶಕ್ಕೆ ಮಾಡಿತು ಎಂದು ನಾನು ಹೇಳುತ್ತಿಲ್ಲ. ಉದ್ದೇಶ ಏನಿದ್ದರೂ ಪರಿಣಾಮ ಅದೇ. ಇಡೀ ಪ್ರಕರಣದಲ್ಲಿ ನನಗೆ ಅತಿ ಹೆಚ್ಚು ಕಿರಿಕಿರಿ ಮಾಡುವ ಸಂಗತಿ ಇದು, ಸರ್ವರ್ ನಿಲ್ಲಿಸಿದ್ದಲ್ಲ.

ಪರಿಹಾರ ಕೃತಿಸ್ವಾಮ್ಯದಲ್ಲಿ ಹುಡುಕುವುದಕ್ಕಿಂತ ಗ್ರಾಹಕ ಕಾನೂನಿನಲ್ಲಿ ಹುಡುಕುವುದು ಲೇಸು ಅನ್ನಿಸುತ್ತದೆ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಲ್ಲಿ ‘ಅನ್ಯಾಯದ ಒಪ್ಪಂದ’ ಎಂಬ ಕಲ್ಪನೆ ಇದೆ. ಸರಿಯಾದ ಕಾರಣವಿಲ್ಲದೆ ಒಂದೇ ಪಕ್ಷ ಒಪ್ಪಂದ ರದ್ದು ಮಾಡಬಹುದಾದ ಷರತ್ತು ಅದರಡಿ ಬರುತ್ತದೆ. ಆದರೆ ಅಂಥ ದೂರು ಜಿಲ್ಲಾ ಆಯೋಗಕ್ಕೆ ಹೋಗುವುದಿಲ್ಲ, ರಾಜ್ಯ ಆಯೋಗದ ಮೆಟ್ಟಿಲೇ ಹತ್ತಬೇಕು. ಒಂದೆರಡು ಸಾವಿರದ ಆಟಕ್ಕೆ ಹುಬ್ಬಳ್ಳಿಯ ಹುಡುಗ ರಜೆ ಹಾಕಿ, ರೈಲು ಹತ್ತಿ, ವಕೀಲರ ಫೀಸು ಕೊಟ್ಟು ಅಲ್ಲಿವರೆಗೆ ಹೋಗುತ್ತಾನೆಯೇ?

ಒಬ್ಬ ಯೂಟ್ಯೂಬರ್, ಹದಿನಾಲ್ಕು ಲಕ್ಷ ಸಹಿ

ಹೀಗೆ ಒಬ್ಬೊಬ್ಬರಿಗೆ ಗಿಟ್ಟದ ಜಗಳವನ್ನು ಒಟ್ಟು ಸೇರಿಸಿದವರು ರಾಸ್ ಸ್ಕಾಟ್. ಪೋಲೆಂಡಿನಲ್ಲಿ ನೆಲೆಸಿದ ಅಮೆರಿಕದವರು, ಹಳೆಯ ಆಟಗಳ ಬಗ್ಗೆ ವಿಡಿಯೊ ಮಾಡುವವರು. ಸರ್ವರ್ ನಿಂತ ಎರಡೇ ದಿನಕ್ಕೆ, 2024ರ ಏಪ್ರಿಲ್ 2ರಂದು, ‘ಸ್ಟಾಪ್ ಕಿಲ್ಲಿಂಗ್ ಗೇಮ್ಸ್’ ಅಭಿಯಾನ ಶುರು ಮಾಡಿದರು. ‘ದಿ ಕ್ರೂ’ ಅವರಿಗೆ ಅತಿ ಪ್ರಿಯವಾದ ಆಟವೇನಲ್ಲ, ಲೆಕ್ಕಾಚಾರದಿಂದ ಆರಿಸಿದ್ದು. ಆಡಿದವರು ಕೋಟಿಗೂ ಹೆಚ್ಚು, ಕಂಪನಿ ಫ್ರಾನ್ಸಿನದು, ಫ್ರಾನ್ಸಿನ ಗ್ರಾಹಕ ಕಾನೂನಿಗೆ ಹಲ್ಲಿದೆ.

ಬೇಡಿಕೆಯನ್ನು ಬಹಳ ಮಂದಿ ತಪ್ಪಾಗಿ ತಿಳಿದರು. ಸರ್ವರ್ ಸದಾಕಾಲ ನಡೆಸಿ ಎಂದು ಯಾರೂ ಕೇಳಿರಲಿಲ್ಲ. ನಿಲ್ಲಿಸುವ ದಿನ, ಕೊಂಡವನು ತನ್ನ ಪಾಡಿಗೆ ಆಡಿಕೊಳ್ಳುವ ಸ್ಥಿತಿಯಲ್ಲಿ ಬಿಟ್ಟುಹೋಗಿ ಎಂದಷ್ಟೇ ಕೇಳಿದ್ದು, ಅದೂ ಇನ್ನು ಮುಂದೆ ಬರುವ ಆಟಗಳಿಗೆ. ಯುರೋಪ್ ಒಕ್ಕೂಟದ ಮುಂದಿಟ್ಟ ನಾಗರಿಕ ಅರ್ಜಿಗೆ ವರ್ಷದೊಳಗೆ ಹತ್ತು ಲಕ್ಷ ಸಹಿ ಬೇಕಿತ್ತು. ತಿಂಗಳುಗಟ್ಟಲೆ ಅರ್ಧ ದಾರಿಯಲ್ಲಿ ನಿಂತಿದ್ದ ಎಣಿಕೆ, 2025ರ ಜೂನ್ ಕೊನೆಯಲ್ಲಿ ಇಂಟರ್ನೆಟ್ಟಿನ ಒಂದು ದೊಡ್ಡ ಜಗಳದ ಕೃಪೆಯಿಂದ ಜಿಗಿದು, ಜುಲೈ ಮೊದಲ ವಾರದಲ್ಲೇ ಹತ್ತು ಲಕ್ಷ ದಾಟಿತು. ಜುಲೈ 31ಕ್ಕೆ ಮುಗಿದಾಗ ಹದಿನಾಲ್ಕು ಲಕ್ಷದ ಮೇಲಿತ್ತು. ಬ್ರಿಟನ್ನಿನಲ್ಲಿ ಬೇರೆ ಅರ್ಜಿ, ಲಕ್ಷಕ್ಕೂ ಹೆಚ್ಚು ಸಹಿ. ನವೆಂಬರ್ 3ರಂದು ಸಂಸದರು ಚರ್ಚೆ ಮಾಡಿದರು, ಗ್ರಾಹಕ ಕಾನೂನು ಬದಲಿಸುವ ಯೋಚನೆ ಇಲ್ಲ ಎಂದು ಸರ್ಕಾರ ಹೇಳಿತು.

ಉದ್ಯಮದ ಮಾತನ್ನೂ ಕೇಳಬೇಕು. ಖಾಸಗಿ ಸರ್ವರಿನಲ್ಲಿ ಆಟಗಾರರ ಮಾಹಿತಿಗೆ ರಕ್ಷಣೆಯಿಲ್ಲ, ಕೆಟ್ಟ ವಿಷಯ ತೆಗೆಯುವವರಿಲ್ಲ, ಎಷ್ಟೋ ಆಟಗಳನ್ನು ಬುಡದಿಂದಲೇ ಆನ್‌ಲೈನ್ ಎಂದು ಕಟ್ಟಿರುತ್ತೇವೆ, ಬದಲಿಸುವ ಖರ್ಚು ಭಾರಿ ಎಂದು ಯುರೋಪಿನ ಪ್ರಕಾಶಕರ ಸಂಘಟನೆ ಹೇಳಿತು. ಯಾವುದಕ್ಕೂ ಕೊನೆ ಇದ್ದೇ ಇದೆ ಎಂಬರ್ಥದಲ್ಲಿ ಯೂಬಿಸಾಫ್ಟ್ ಮುಖ್ಯಸ್ಥ ಈವ್ ಗಿಯಮೋ ಷೇರುದಾರರ ಸಭೆಯಲ್ಲಿ ಮಾತಾಡಿದರು. ನೂರು ಜನ ಸೇರಿ ಹೊಡೆದಾಡುವ ಆಟಕ್ಕೆ ಈ ವಾದ ಒಪ್ಪುತ್ತದೆ. ಒಬ್ಬನೇ ಕೂತು ಹೆದ್ದಾರಿಯಲ್ಲಿ ಕಾರು ಓಡಿಸುವುದಕ್ಕೆ ಯಾರ ಮಾಹಿತಿ ರಕ್ಷಣೆ?

ಮತ್ತೆ ಓಡಿದ ಕಾರು

ಖರ್ಚಿನ ವಾದಕ್ಕೆ ಉತ್ತರ ಎರಡು ಕಡೆಯಿಂದ ಬಂತು. 2025ರ ಸೆಪ್ಟೆಂಬರ್ 15ರಂದು ‘ದಿ ಕ್ರೂ ಅನ್‌ಲಿಮಿಟೆಡ್’ ಎಂಬ ಅಭಿಮಾನಿ ತಂಡ ತನ್ನ ಬದಲಿ ಸರ್ವರ್ ಬಿಡುಗಡೆ ಮಾಡಿತು. ಪಿಸಿಯಲ್ಲಿ ಮಾತ್ರ ನಡೆಯುತ್ತದೆ, ಮೂಲ ಆಟದ ಫೈಲುಗಳು ಬೇಕು. ಆಟ ಮತ್ತು ಸರ್ವರ್ ನಡುವೆ ಏನೇನು ಮಾತು ನಡೆಯುತ್ತದೆ ಎಂಬುದನ್ನು ಕಿವಿಗೊಟ್ಟು ಕೇಳಿ, ಸರ್ವರ್ ಹೇಳಬೇಕಾದ ಉತ್ತರವನ್ನು ಬೇರೆಯವರ ಬಾಯಲ್ಲಿ ಹೇಳಿಸುವ ಕಲೆ ಇದು. ಆಟ ಕೇಳುತ್ತದೆ, ಒಳಗೆ ಬರಲೇ? ಆ ಹೂಂ ಈಗ ನಿಮ್ಮದೇ ಕಂಪ್ಯೂಟರಿನಿಂದ ಬರುತ್ತದೆ. ಸಂಬಳವಿಲ್ಲದೆ, ಬಿಡುವಿನ ವೇಳೆಯಲ್ಲಿ ಕೂತವರು ಒಂದೂವರೆ ವರ್ಷದೊಳಗೆ ಮುಗಿಸಿದರು. ಮೂಲ ಕೋಡ್ ಕೈಯಲ್ಲಿದ್ದವರಿಗೆ ಎಷ್ಟು ದಿನ ಬೇಕಿತ್ತು?

ಎರಡನೇ ಉತ್ತರ ಕಂಪನಿಯಿಂದಲೇ ಬಂತು. ಗದ್ದಲದ ನಡುವೆ, 2024ರ ಸೆಪ್ಟೆಂಬರಿನಲ್ಲಿ, ಇದೇ ಸರಣಿಯ ಮುಂದಿನ ಎರಡು ಆಟಗಳಿಗೆ ಆಫ್‌ಲೈನ್ ವ್ಯವಸ್ಥೆ ಕೊಡುತ್ತೇವೆ ಎಂದು ಯೂಬಿಸಾಫ್ಟ್ ಮಾತು ಕೊಟ್ಟಿತು. ‘ದಿ ಕ್ರೂ 2’ಕ್ಕೆ 2025ರ ಅಕ್ಟೋಬರಿನಲ್ಲಿ ಅದು ಬಂದೂ ಬಂತು. ಅದೇ ಲಿಯಾನ್‌ನ ಸ್ಟುಡಿಯೊ, ಅದೇ ರೀತಿ ಸದಾ ಆನ್‌ಲೈನ್ ಎಂದು ಕಟ್ಟಿದ ಆಟ.

ಮೊದಲ ಆಟಕ್ಕೆ ಕಂಪನಿಯಿಂದ ಅಂಥದ್ದೇನೂ ಬರಲಿಲ್ಲ. ಕೋಡಿನ ಚೀಟಿ ಜೋಪಾನವಾಗಿಟ್ಟವರಿಗೆ 2099ರವರೆಗೆ ಸಮಯವಿದೆ.